ಕೊಕ್ಕರೆ ಕಾಲಿನ ವಿಮಾನ: ಫೀಸಲರ್ ಶ್ಟೋರ್ಖ್ ಅಷ್ಟು ನಿಧಾನ ಯಾಕೆ?

ಒಂದೇ ಎಂಜಿನ್, ಎರಡು ವಿಮಾನ. ಎಂಜಿನ್ ಹೆಸರು ಆರ್ಗುಸ್ ಎಎಸ್ 10. ಜರ್ಮನಿಯದ್ದು, ಎಂಟು ಸಿಲಿಂಡರ್, ತಲೆಕೆಳಗಾಗಿ ಕೂರಿಸಿದ 'ವಿ' ಆಕಾರ, ಗಾಳಿಯಿಂದಲೇ ಕೂಲಿಂಗ್, ಪವರ್ ಸುಮಾರು 240 ಎಚ್‌ಪಿ. ಇದನ್ನು ಬಿಎಫ್ 108 ಅನ್ನೋ ನಾಲ್ಕು ಸೀಟಿನ ಪುಟ್ಟ ವಿಮಾನಕ್ಕೆ ಹಾಕಿದಾಗ ಅದು ಗಂಟೆಗೆ ಸುಮಾರು 300 ಕಿ.ಮೀ. ವೇಗದಲ್ಲಿ ಹೋಯ್ತು. ಅದೇ ಎಂಜಿನ್ನನ್ನು ಫೀಸಲರ್ ಎಫ್‌ಐ 156 ಅನ್ನೋ ವಿಮಾನಕ್ಕೆ ಹಾಕಿದಾಗ ಗರಿಷ್ಠ ವೇಗ ಬರೀ 175 ಕಿ.ಮೀ. ಇವತ್ತು ನಮ್ಮ ನೈಸ್ ರೋಡಲ್ಲಿ ಒಳ್ಳೆ ಕಾರೊಂದು ಅದರ ಪಕ್ಕದಲ್ಲೇ ಹೋಗಬಹುದು (ಪೊಲೀಸರು ಬಿಟ್ಟರೆ).

ಹಾಗಾದ್ರೆ ಎರಡನೆಯದು ಕೆಟ್ಟ ಡಿಸೈನಾ? ಅಲ್ಲ. ಎರಡನೇ ಮಹಾಯುದ್ಧದ ಲಿಯೇಸನ್ ವಿಮಾನಗಳಲ್ಲಿ ಅತಿ ಹೆಚ್ಚು ಹೆಸರು ಮಾಡಿದ್ದು ಇದೇ. ಅದನ್ನು ಸೆರೆ ಹಿಡಿದ ಶತ್ರುಗಳೂ ಬಿಡದೆ ಓಡಿಸಿದ್ರು. ಕಳೆದುಕೊಂಡ ಆ 125 ಕಿ.ಮೀ. ವೇಗಕ್ಕೆ ಬದಲಾಗಿ ಇದು ಏನು ಗಳಿಸಿತು ಅನ್ನೋದೇ ಈ ಲೇಖನದ ವಿಷಯ. ಎರಡನೇ ವರ್ಷದ ಫ್ಲೂಯಿಡ್ ಮೆಕ್ಯಾನಿಕ್ಸ್ ಗೊತ್ತಿದ್ರೆ ಸಾಕು, ಏರೋನಾಟಿಕಲ್ ಬ್ರಾಂಚಿನವರೇ ಆಗಬೇಕಿಲ್ಲ. ಕ್ಯಾಲ್ಕುಲೇಟರ್ ಮಾತ್ರ ಪಕ್ಕದಲ್ಲಿರಲಿ.

ಮೊದಲು 'ಲಿಯೇಸನ್' ಅಂದ್ರೇನು ಅಂತ ನೋಡೋಣ. ಸಂಪರ್ಕ ಅಂತ ಅರ್ಥ. ಯುದ್ಧಭೂಮಿಯಲ್ಲಿ ಒಬ್ಬ ಅಧಿಕಾರಿಯನ್ನು ಒಂದು ತುಕಡಿಯಿಂದ ಇನ್ನೊಂದಕ್ಕೆ ಬೇಗ ಕರೆದೊಯ್ಯಬೇಕು. ನಕ್ಷೆ, ಪತ್ರ ಮುಟ್ಟಿಸಬೇಕು. ಫಿರಂಗಿ ಗುಂಡು ಎಲ್ಲಿ ಬೀಳ್ತಿದೆ ಅಂತ ಮೇಲಿಂದ ನೋಡಿ ಹೇಳಬೇಕು. ಗಾಯಾಳುವನ್ನು ಹೊತ್ತು ತರಬೇಕು. ಇಷ್ಟೂ ಕೆಲಸಕ್ಕೆ ರನ್‌ವೇ ಇರೋದಿಲ್ಲ. ಹೊಲ, ಹಳ್ಳಿ ರಸ್ತೆ, ಕಾಡಿನ ನಡುವಿನ ಬಯಲು ಇಷ್ಟೇ ಇರೋದು. ಇವತ್ತು ಇದನ್ನೆಲ್ಲ ಹೆಲಿಕಾಪ್ಟರ್ ಮಾಡುತ್ತೆ. 1935ರಲ್ಲಿ ಕೆಲಸಕ್ಕೆ ಬರೋ ಹೆಲಿಕಾಪ್ಟರ್ ಇರಲಿಲ್ಲ.

ಆ ವರ್ಷ ಜರ್ಮನಿಯ ವಾಯುಯಾನ ಸಚಿವಾಲಯ ಇಂಥ ವಿಮಾನಕ್ಕೆ ಹಲವು ಕಂಪನಿಗಳಿಂದ ಡಿಸೈನ್ ಕೇಳಿತು. ಪೈಪೋಟಿಗೆ ಬಂದವರಲ್ಲಿ ಸೀಬೆಲ್ ಇತ್ತು, ಮೆಸ್ಸರ್‌ಶ್ಮಿಟ್ ವಿನ್ಯಾಸದ್ದೊಂದು ಇತ್ತು, ಫೋಕೆ-ವುಲ್ಫ್ ಕಂಪನಿಯಂತೂ ರೆಕ್ಕೆಯ ಬದಲು ಮೇಲೆ ತಿರುಗುವ ರೋಟರ್ ಇರುವ ಆಟೋಜೈರೋ ತಂದಿತ್ತು. ಗೆದ್ದಿದ್ದು ಕಾಸೆಲ್ ಊರಿನ ಚಿಕ್ಕ ಕಂಪನಿ ಫೀಸಲರ್. ಮಾಲೀಕ ಗೆರ್ಹಾರ್ಡ್ ಫೀಸಲರ್ ಮೊದಲ ಮಹಾಯುದ್ಧದ ಫೈಟರ್ ಪೈಲಟ್, 1934ರಲ್ಲಿ ಪ್ಯಾರಿಸ್ ಬಳಿ ನಡೆದ ಏರೋಬ್ಯಾಟಿಕ್ಸ್ ವಿಶ್ವ ಸ್ಪರ್ಧೆಯ ಚಾಂಪಿಯನ್. ಗಾಳಿಯಲ್ಲಿ ಪಲ್ಟಿ ಹೊಡೆಯೋ ಮನುಷ್ಯನ ಕಂಪನಿ ಅತಿ ಸಾಧು ವಿಮಾನ ಮಾಡಿದ್ದು ನಮಗೆ ತಮಾಷೆಯಾಗೇ ಕಂಡಿತು. 1936ರಲ್ಲಿ ಅದು ಮೊದಲ ಸಲ ಹಾರಿತು. ಹೆಸರು ಶ್ಟೋರ್ಖ್, ಅಂದ್ರೆ ಕೊಕ್ಕರೆ. ಮಂಡ್ಯದ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದವರಿಗೆ ಈ ಹೆಸರು ತಕ್ಷಣ ಅರ್ಥ ಆಗುತ್ತೆ. ಮರದ ಮೇಲೆ ಇಳಿಯುವಾಗ ಕೊಕ್ಕರೆ ರೆಕ್ಕೆ ಅಗಲಿಸಿ, ಕಾಲು ಜೋತುಬಿಟ್ಟು, ಗಾಳಿಯಲ್ಲಿ ನಿಂತೇಬಿಟ್ಟ ಹಾಗೆ ಕಾಣುತ್ತಲ್ಲ, ಈ ವಿಮಾನ ಇಳಿಯೋದೂ ಹಾಗೇ.

ಈಗ ಲೆಕ್ಕ. ವಿಮಾನ ಮೇಲಿರಬೇಕಾದ್ರೆ ಲಿಫ್ಟ್ ಅದರ ತೂಕಕ್ಕೆ ಸಮ ಇರಬೇಕು.

ಲಿಫ್ಟ್ = ½ × ಗಾಳಿಯ ಡೆನ್ಸಿಟಿ × ವೇಗದ ವರ್ಗ × ರೆಕ್ಕೆಯ ವಿಸ್ತೀರ್ಣ × ಲಿಫ್ಟ್ ಕೋಎಫಿಷಿಯಂಟ್

ವೇಗ ಕಡಿಮೆ ಮಾಡಬೇಕು ಅಂದ್ರೆ ಉಳಿದದ್ದರಲ್ಲಿ ಏನನ್ನಾದ್ರೂ ಜಾಸ್ತಿ ಮಾಡಬೇಕು. ಗಾಳಿ ನಮ್ಮ ಕೈಲಿಲ್ಲ. ಕೈಲಿರೋದು ಎರಡೇ: ರೆಕ್ಕೆ ದೊಡ್ಡದು ಮಾಡೋದು, ಕೋಎಫಿಷಿಯಂಟ್ ಏರಿಸೋದು. ಶ್ಟೋರ್ಖ್ ಎರಡನ್ನೂ ಮಾಡಿತು.

ಅದರ ರೆಕ್ಕೆಯ ಉದ್ದ ತುದಿಯಿಂದ ತುದಿಗೆ 14.25 ಮೀಟರ್, ವಿಸ್ತೀರ್ಣ 26 ಚದರ ಮೀಟರ್. ಪೂರ್ತಿ ಲೋಡ್ ಆದ ತೂಕ 1,325 ಕೆಜಿ. ಭಾಗಿಸಿದ್ರೆ ಒಂದು ಚದರ ಮೀಟರ್‌ಗೆ 51 ಕೆಜಿ. ಅದೇ ಕಾಲದ ಮೆಸ್ಸರ್‌ಶ್ಮಿಟ್ 109 ಫೈಟರ್‌ನಲ್ಲಿ ಇದು ಸುಮಾರು ಮೂರು ಪಟ್ಟು.

ಇನ್ನು ಕೋಎಫಿಷಿಯಂಟ್. ಸಾಧಾರಣ ರೆಕ್ಕೆಯ ಮೂತಿಯನ್ನು ಮೇಲೆತ್ತುತ್ತಾ ಹೋದ್ರೆ ಲಿಫ್ಟ್ ಏರುತ್ತಾ ಹೋಗುತ್ತೆ. ಸುಮಾರು 15 ಡಿಗ್ರಿ ಆಸುಪಾಸಿನಲ್ಲಿ ಗಾಳಿ ಮೇಲ್ಮೈಗೆ ಅಂಟಿಕೊಂಡು ಹೋಗೋಕಾಗದೆ ಬಿಟ್ಟುಹೋಗುತ್ತೆ. ಅದೇ ಸ್ಟಾಲ್. ಅಲ್ಲಿ ಕೋಎಫಿಷಿಯಂಟ್ ಸುಮಾರು 1.5. ಈ ಅಂಕಿ ಹಾಕಿ ನೋಡಿ: ತೂಕ 1,325 × 9.81, ಅಂದ್ರೆ ಸುಮಾರು 13,000 ನ್ಯೂಟನ್. ಡೆನ್ಸಿಟಿ 1.225. ವೇಗ ಬರೋದು ಸೆಕೆಂಡಿಗೆ 23.3 ಮೀಟರ್, ಗಂಟೆಗೆ 84 ಕಿ.ಮೀ. ರೆಕ್ಕೆ ಇಷ್ಟು ದೊಡ್ಡದಿದ್ದರೂ, ಇದಕ್ಕಿಂತ ನಿಧಾನ ಆದ್ರೆ ಬೀಳುತ್ತೆ.

ಶ್ಟೋರ್ಖ್‌ನ ರೆಕ್ಕೆಯ ಮುಂದೆ, ಈ ತುದಿಯಿಂದ ಆ ತುದಿಯವರೆಗೆ, ಒಂದು ಪಟ್ಟಿ ಇದೆ. ಸ್ಲ್ಯಾಟ್ ಅಂತಾರೆ. ಅದಕ್ಕೂ ರೆಕ್ಕೆಗೂ ನಡುವೆ ಒಂದು ಸಂದು. ಬ್ರಿಟನ್ನಿನ ಹ್ಯಾಂಡ್ಲಿ ಪೇಜ್, ಜರ್ಮನಿಯ ಗುಸ್ಟಾವ್ ಲಾಖ್ಮನ್ ಇಬ್ಬರೂ ಮೊದಲ ಮಹಾಯುದ್ಧದ ಹೊತ್ತಿಗೆ ಬೇರೆ ಬೇರೆಯಾಗಿ ಕಂಡುಕೊಂಡ ಉಪಾಯ ಇದು. ಸಂದಿನಿಂದ ನುಗ್ಗುವ ಗಾಳಿ ಬೌಂಡರಿ ಲೇಯರ್‌ಗೆ ಶಕ್ತಿ ತುಂಬುತ್ತೆ ಅಂತ ತುಂಬಾ ಪುಸ್ತಕಗಳು ಒಂದೇ ಸಾಲಲ್ಲಿ ಮುಗಿಸಿಬಿಡುತ್ತವೆ. ಅದಷ್ಟೇ ಅಲ್ಲ. ಸ್ಲ್ಯಾಟ್ ಕೂಡ ಒಂದು ಪುಟ್ಟ ರೆಕ್ಕೆ, ಅದರ ಸುತ್ತಲೂ ಸರ್ಕ್ಯುಲೇಶನ್ ಇದೆ. ಅದು ಹಿಂದಿನ ದೊಡ್ಡ ರೆಕ್ಕೆಯ ಮೂತಿಯ ಮೇಲಿನ ವೇಗವನ್ನು ತಗ್ಗಿಸುತ್ತೆ, ಅಲ್ಲಿಯ ಪ್ರೆಶರ್ ತೀರಾ ಕೆಳಗೆ ಇಳಿಯೋದಿಲ್ಲ. ಹಾಗಾಗಿ ಮುಂದೆ ಗಾಳಿ ಏರಬೇಕಾದ ಪ್ರೆಶರ್ ಗುಡ್ಡ ಚಿಕ್ಕದಾಗುತ್ತೆ, ಸುಲಭಕ್ಕೆ ಬಿಟ್ಟುಹೋಗೋದಿಲ್ಲ. 1970ರ ದಶಕದಲ್ಲಿ ಅಮೆರಿಕದ ಎ.ಎಂ.ಒ. ಸ್ಮಿತ್ ಇದನ್ನು ಸ್ಪಷ್ಟವಾಗಿ ವಿವರಿಸಿದ್ರು. ವೈವಾದಲ್ಲಿ ಹೇಳಿದ್ರೆ ಎಕ್ಸಾಮಿನರ್ ಒಂದು ಸಲ ತಲೆಯೆತ್ತಿ ನೋಡ್ತಾರೆ.

ರೆಕ್ಕೆಯ ಹಿಂಭಾಗದಲ್ಲಿ ಕೆಳಗೆ ಬಾಗುವ ದೊಡ್ಡ ಫ್ಲ್ಯಾಪ್‌ಗಳು, ಅವಕ್ಕೂ ಸಂದು. ಎರಡೂ ಸೇರಿದ್ರೆ ಕೋಎಫಿಷಿಯಂಟ್ 3ರ ಹತ್ತಿರ ಬರುತ್ತೆ ಅಂತ ಇಟ್ಟುಕೊಳ್ಳೋಣ. ಮೇಲಿನ ಸಮೀಕರಣಕ್ಕೆ ಹಾಕಿದ್ರೆ ಉತ್ತರ ಗಂಟೆಗೆ ಸುಮಾರು 60 ಕಿ.ಮೀ. ಇದು ಎಂಜಿನ್ ಸಹಾಯ ಇಲ್ಲದೆ. ಮುಂದಿನ ಪ್ರೊಪೆಲ್ಲರ್ ರೆಕ್ಕೆಯ ಮಧ್ಯಭಾಗದ ಮೇಲೆ ಗಾಳಿ ಬೀಸುತ್ತೆ, ಮೂತಿ ಮೇಲಿದ್ದಾಗ ಥ್ರಸ್ಟ್‌ನ ಒಂದು ಪಾಲು ನೇರವಾಗಿ ತೂಕ ಹೊರುತ್ತೆ. ಶ್ಟೋರ್ಖ್ 50 ಕಿ.ಮೀ. ವೇಗದಲ್ಲೂ ಹಾರ್ತಿತ್ತು ಅನ್ನೋ ಮಾತು ಬಂದಿದ್ದು ಎಂಜಿನ್ ಜೋರಾಗಿ ಓಡ್ತಾ ಇರುವಾಗಿನ ಸ್ಥಿತಿಯಿಂದ.

84ರಿಂದ 60ಕ್ಕೆ ಇಳಿದ್ರೆ ಏನು ಮಹಾ ಲಾಭ ಅಂತ ಅನ್ನಿಸಬಹುದು. ಆದ್ರೆ ನೆಲದ ಮೇಲೆ ನಿಲ್ಲೋಕೆ ಬೇಕಾದ ದೂರ ವೇಗದ ವರ್ಗಕ್ಕೆ ಅನುಪಾತ. 84/60ರ ವರ್ಗ ಸುಮಾರು 2. ಅಂದ್ರೆ ಬೇಕಾದ ಜಾಗ ಅರ್ಧ. ಬ್ರೇಕ್ ಹಾಕಿದಾಗ ಸೆಕೆಂಡಿಗೆ 3 ಮೀಟರ್‌ನಂತೆ ವೇಗ ಇಳೀತದೆ ಅಂದುಕೊಂಡ್ರೆ, ಗಾಳಿಯೇ ಇಲ್ಲದ ದಿನ 60 ಕಿ.ಮೀ. ವೇಗದಿಂದ ನಿಲ್ಲೋಕೆ 46 ಮೀಟರ್. ಎದುರುಗಾಳಿ 25 ಕಿ.ಮೀ. ಇದ್ರೆ ನೆಲಕ್ಕೆ ಹೋಲಿಸಿದ ವೇಗ 35 ಮಾತ್ರ, ಆಗ ಬೇಕಾಗೋದು 16 ಮೀಟರ್. ಶ್ಟೋರ್ಖ್ ಒಳ್ಳೆ ಎದುರುಗಾಳಿಗೆ 20 ಮೀಟರ್ ಒಳಗೆ ಇಳೀತಿತ್ತು ಅಂತ ಓದಿದಾಗ ಉತ್ಪ್ರೇಕ್ಷೆ ಅನ್ನಿಸುತ್ತೆ. ಲೆಕ್ಕ ಹಾಕಿದ್ರೆ ಅದು ಸಹಜ. ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಕೋರ್ಟ್ 28 ಮೀಟರ್ ಉದ್ದ.

ಇಲ್ಲಿವರೆಗಿನದ್ದು ಯಾವ ಪುಸ್ತಕದಲ್ಲೂ ಸಿಗುತ್ತೆ. ನಮಗೆ ನಿಜವಾಗಿ ಇಷ್ಟ ಆದ ಭಾಗ ಇನ್ನು ಮುಂದಿದೆ. ಸ್ಲ್ಯಾಟ್ ಕೆಲಸ ಮಾಡೋದು ರೆಕ್ಕೆಯ ಮೂತಿ ತುಂಬಾ ಮೇಲಿದ್ದಾಗ. ಹಾಗಿದ್ರೆ ಇಳಿಯುವಾಗಲೂ ವಿಮಾನ ಮೂತಿ ಎತ್ತಿಕೊಂಡೇ ನೆಲ ಮುಟ್ಟಬೇಕು. ಗಿಡ್ಡ ಕಾಲಿದ್ರೆ ಬಾಲ ಮೊದಲು ನೆಲಕ್ಕೆ ಬಡಿಯುತ್ತೆ. ಅದಕ್ಕೇ ಮುಂದಿನ ಕಾಲು ಅಷ್ಟು ಉದ್ದ! ನೋಡೋಕೆ ವಿಚಿತ್ರವಾಗಿ ಕಾಣುವ ಆ ಕಾಲು ಸ್ಲ್ಯಾಟ್‌ನಿಂದ ಹುಟ್ಟಿದ್ದು. ಮೂತಿ ಮೇಲಿದ್ರೆ ಪೈಲಟ್‌ಗೆ ಮುಂದೆ ನೆಲ ಕಾಣಲ್ಲ. ಅದಕ್ಕೆ ಕ್ಯಾಬಿನ್ ಪೂರ್ತಿ ಗಾಜಿನ ಗೂಡು. ಅಕ್ಕಪಕ್ಕದ ಕಿಟಕಿಗಳು ದೇಹದಿಂದ ಹೊರಗೆ ಉಬ್ಬಿವೆ, ಕೂತಲ್ಲಿಂದಲೇ ನೇರ ಕೆಳಗೆ ನೋಡಬಹುದು. ಗೂಢಚರ್ಯೆಗೂ ಅದೇ ಬೇಕಿತ್ತು.

ಕಾಲಿನ ಕಥೆ ಇನ್ನೂ ಇದೆ. ಅದರೊಳಗೆ ಎಣ್ಣೆ ಮತ್ತು ಸ್ಪ್ರಿಂಗ್ ಇರೋ ಶಾಕ್ ಅಬ್ಸಾರ್ಬರ್. ಅದು ಕುಸಿಯೋ ದೂರ ಅರ್ಧ ಮೀಟರ್‌ಗೆ ಹತ್ತಿರ. ಚಿಕ್ಕ ಜಾಗಕ್ಕೆ ಇಳಿಯುವವನು ನಾಜೂಕಾಗಿ ಜಾರಿಕೊಂಡು ಬರೋಕಾಗಲ್ಲ, ಮೇಲಿಂದ ದಡಕ್ಕನೆ ಕೂರಬೇಕು. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಕೆಳಗೆ ಬಂದ ವಿಮಾನವನ್ನು 0.45 ಮೀಟರ್‌ನಲ್ಲಿ ನಿಲ್ಲಿಸಿದ್ರೆ ಸರಾಸರಿ ಹೊಡೆತ ಸುಮಾರು 1.8 ಜಿ. ಅದನ್ನೇ 0.15 ಮೀಟರ್‌ನಲ್ಲಿ ನಿಲ್ಲಿಸಿದ್ರೆ 5.4 ಜಿ. ಆ ಹೊಡೆತ ತಡೆಯೋಕೆ ಇಡೀ ಬಾಡಿಯನ್ನು ಗಟ್ಟಿ ಮಾಡಬೇಕು, ತೂಕ ಏರುತ್ತೆ, ತೂಕ ಏರಿದ್ರೆ ವೇಗ ಏರುತ್ತೆ, ಮತ್ತೆ ಶುರುವಿಗೇ ಬಂದ್ವಿ. ಹಾರುವಾಗ ಭಾರ ಇಲ್ಲದೆ ಈ ಕಾಲು ಪೂರ್ತಿ ಚಾಚಿ ಜೋತಾಡುತ್ತೆ. ಕೊಕ್ಕರೆ ಹೆಸರಿಗೆ ಅದೇ ಕಾರಣ.

ಬಾಡಿ ಸ್ಟೀಲ್ ಪೈಪ್ ಚೌಕಟ್ಟು, ಮೇಲೆ ಬಟ್ಟೆ. ರೆಕ್ಕೆ ಮರದ್ದು. ರೆಕ್ಕೆಯನ್ನು ಹಿಂದಕ್ಕೆ ಮಡಚಿ ರಸ್ತೆ ಮೇಲೆ ಎಳ್ಕೊಂಡು ಹೋಗಬಹುದಿತ್ತು.

ಈಗ ಬೆಲೆ. ಸ್ಲ್ಯಾಟ್ ಫಿಕ್ಸ್ಡ್, ಬೇಡದಾಗ ಒಳಗೆ ಹೋಗಲ್ಲ. ಕಾಲೂ ಹಾಗೇ. ಉಬ್ಬಿದ ಗಾಜು, ಊರುಗೋಲಿನ ಹಾಗಿರೋ ಸ್ಟ್ರಟ್‌ಗಳು, ಎಲ್ಲಾ ಗಾಳಿಗೆ ಅಡ್ಡ. ಪವರ್ ಬೇಕಾಗೋದು ಡ್ರ್ಯಾಗ್ ಗುಣಿಸು ವೇಗ, ಅಂದ್ರೆ ವೇಗದ ಘನಕ್ಕೆ ಅನುಪಾತ. ಒಂದೇ 240 ಎಚ್‌ಪಿಯಲ್ಲಿ ಒಂದು 300, ಇನ್ನೊಂದು 175 ಹೋದ್ರೆ, 300/175ರ ಘನ ಸುಮಾರು 5. ಶ್ಟೋರ್ಖ್ ಗಾಳಿಗೆ ಒಡ್ಡುವ ಅಡ್ಡಿ ಬಿಎಫ್ 108ರ ಐದು ಪಟ್ಟು. ಒಳಗೆ ಹೋಗುವ ಸ್ಲ್ಯಾಟ್, ಮಡಚುವ ಕಾಲು ಇಟ್ಟಿದ್ರೆ ಸ್ವಲ್ಪ ಉಳೀತಿತ್ತು. ಆದ್ರೆ ತೂಕ, ಖರ್ಚು, ಕೆಡುವ ಭಾಗಗಳು ಜಾಸ್ತಿ ಆಗ್ತಿದ್ವು. ನಮ್ಮ ಪ್ರಕಾರ ಡಿಸೈನರ್‌ಗಳ ದೊಡ್ಡ ಧೈರ್ಯ ಇಲ್ಲೇ ಇದೆ. ಗರಿಷ್ಠ ವೇಗದ ಬಗ್ಗೆ ತಲೆಯೇ ಕೆಡಿಸಿಕೊಳ್ಳಲಿಲ್ಲ.

ಇಷ್ಟು ನಿಧಾನ ಆದ್ರೆ ಶತ್ರು ಫೈಟರ್ ಹೊಡೆದು ಹಾಕಲ್ವಾ? ಹಾಕುತ್ತೆ, ತುಂಬಾ ಹಾಕಿವೆ. ಆದ್ರೆ ಒಂದು ದಾರಿ ಇತ್ತು. ತಿರುವಿನ ತ್ರಿಜ್ಯವೂ ವೇಗದ ವರ್ಗಕ್ಕೆ ಅನುಪಾತ. 45 ಡಿಗ್ರಿ ವಾಲಿ 100 ಕಿ.ಮೀ. ವೇಗದಲ್ಲಿ ತಿರುಗಿದ್ರೆ ತ್ರಿಜ್ಯ 79 ಮೀಟರ್. ಅಷ್ಟೇ ವಾಲಿ 360 ಕಿ.ಮೀ. ವೇಗದ ಫೈಟರ್ ತಿರುಗಿದ್ರೆ ಒಂದು ಕಿಲೋಮೀಟರ್ ದಾಟುತ್ತೆ. ಮರದ ತುದಿಯ ಎತ್ತರದಲ್ಲಿ ಗಿರಕಿ ಹೊಡೀತಾ ಇರೋ ಕೊಕ್ಕರೆಗೆ ಗುರಿ ಇಡೋದು ಸುಲಭ ಇರಲಿಲ್ಲ. ಬ್ರಿಟನ್ನಿನ ವೆಸ್ಟ್‌ಲ್ಯಾಂಡ್ ಲೈಸ್ಯಾಂಡರ್ ಇದೇ ಕೆಲಸಕ್ಕೆ ಮಾಡಿದ್ದು, ಅದಕ್ಕೂ ಸ್ಲ್ಯಾಟ್ ಇತ್ತು, ಆದ್ರೆ ಭಾರ, ದೊಡ್ಡ ಎಂಜಿನ್, ವೇಗವೂ ಬೇಕು ನಿಧಾನವೂ ಬೇಕು ಅನ್ನೋ ಡಿಸೈನ್. 1940ರ ಫ್ರಾನ್ಸ್ ಯುದ್ಧದಲ್ಲಿ ನೂರಕ್ಕೂ ಹೆಚ್ಚು ಲೈಸ್ಯಾಂಡರ್‌ಗಳು ನಾಶವಾದವು. ಆಮೇಲೆ ರಾತ್ರಿ ಹೊತ್ತು ಫ್ರಾನ್ಸಿನ ಹೊಲಗಳಿಗೆ ಗೂಢಚಾರರನ್ನು ಇಳಿಸೋ ಕೆಲಸದಲ್ಲಿ ಅದು ಮಾನ ಉಳಿಸಿಕೊಂಡಿತು.

ಅದೇ 1940ರ ಮೇ 10ರಂದು ಶ್ಟೋರ್ಖ್‌ನಿಂದ ಯಾರೂ ನಿರೀಕ್ಷಿಸದ ಕೆಲಸ ಮಾಡಿಸಿದ್ರು. ಬೆಲ್ಜಿಯಂನ ಗಡಿಯೊಳಗೆ ನೀವ್ ಮತ್ತು ವಿಟ್ರಿ ಅನ್ನೋ ಎರಡು ಹಳ್ಳಿಗಳು. ಸುಮಾರು ನೂರು ಶ್ಟೋರ್ಖ್‌ಗಳು ಒಂದೊಂದರಲ್ಲಿ ಇಬ್ಬರು ಸೈನಿಕರಂತೆ, ಎರಡು ಸುತ್ತಿನಲ್ಲಿ, ಸುಮಾರು 400 ಜನರನ್ನು ಬೆಲ್ಜಿಯನ್ ಸೈನ್ಯದ ಬೆನ್ನ ಹಿಂದೆ ಹೊಲಗಳಿಗೆ ಇಳಿಸಿದವು. ದಾರಿ ತಪ್ಪಿ ಒಂದು ಗುಂಪು ಬೇರೆ ಕಡೆಯೇ ಇಳಿಯಿತು. ಹೆಲಿಕಾಪ್ಟರ್‌ನಿಂದ ಸೈನಿಕರನ್ನು ಇಳಿಸೋದು ಸಿನಿಮಾದಲ್ಲಿ ನೋಡಿದ್ದೀವಲ್ಲ, ಅದರ ಹಳೇ ರೂಪ ಇದು. ಮುಸೊಲಿನಿ ಕಥೆ ಎಲ್ಲರಿಗೂ ಗೊತ್ತು, ಇದನ್ನು ಯಾರೂ ಹೇಳಲ್ಲ. ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಜನರಲ್ ರೊಮ್ಮೆಲ್ ಇದರಲ್ಲೇ ಸುತ್ತಾಡ್ತಿದ್ದ. ಎದುರು ಪಕ್ಷದ ಬ್ರಿಟಿಷ್ ವಾಯುಪಡೆಯ ಹ್ಯಾರಿ ಬ್ರಾಡ್‌ಹರ್ಸ್ಟ್ ಕೂಡ ಸೆರೆಸಿಕ್ಕ ಒಂದನ್ನು ತನ್ನದೇ ಮಾಡಿಕೊಂಡು ಓಡಾಡಿದ.

ಆದ್ರೂ ಮುಸೊಲಿನಿ ಕಥೆ ಹೇಳಲೇಬೇಕು, ಯಾಕಂದ್ರೆ ಅದರಲ್ಲಿ ನಮ್ಮ ಸಮೀಕರಣದ ಅತಿ ಒಳ್ಳೆ ಪ್ರಾಬ್ಲಮ್ ಇದೆ. 1943ರ ಜುಲೈನಲ್ಲಿ ಇಟಲಿಯ ಸರ್ವಾಧಿಕಾರಿ ಪದಚ್ಯುತನಾಗಿ ಬಂಧನಕ್ಕೊಳಗಾದ. ಅವನನ್ನು ಗ್ರಾನ್ ಸಾಸ್ಸೊ ಬೆಟ್ಟದ ಮೇಲೆ, ಸಮುದ್ರಮಟ್ಟದಿಂದ 2,100 ಮೀಟರ್ ಎತ್ತರದ ಒಂದು ಹೋಟೆಲ್‌ನಲ್ಲಿ ಇಟ್ಟಿದ್ರು. ಸೆಪ್ಟೆಂಬರ್ 12ರಂದು ಜರ್ಮನ್ ಪಡೆ ಗ್ಲೈಡರ್‌ಗಳಲ್ಲಿ ಇಳಿದು ಅವನನ್ನು ಬಿಡಿಸಿತು. ವಾಪಸ್ ಕರೆದೊಯ್ಯೋಕೆ ಕ್ಯಾಪ್ಟನ್ ಹೈನ್ರಿಖ್ ಗೆರ್ಲಾಖ್ ಒಂದು ಶ್ಟೋರ್ಖ್ ತಂದು ಹೋಟೆಲ್ ಹತ್ತಿರದ ಕಲ್ಲು ಇಳಿಜಾರಿನಲ್ಲಿ ಇಳಿಸಿದ. ಅಲ್ಲಿ ಆಟೋ ಸ್ಕೋರ್ಟ್ಸೆನಿ ಅನ್ನೋ ಅಧಿಕಾರಿ ತಾನೂ ಹತ್ತುತ್ತೇನೆ ಅಂತ ಹಟ ಹಿಡಿದ. ಆರಡಿ ದಾಟಿದ ದೊಡ್ಡ ಆಳು. ಗೆರ್ಲಾಖ್ ಆಗಲ್ಲ ಅಂದ. ಕೊನೆಗೆ ಒಪ್ಪಲೇಬೇಕಾಯ್ತು.

ಓವರ್‌ಲೋಡ್ ಆಗಿ ಬೀಳೋದ್ರಲ್ಲಿತ್ತು ಅಂತ ಎಲ್ಲರೂ ಬರೀತಾರೆ. ಲೆಕ್ಕ ಹಾಕೋಣ. ಖಾಲಿ ವಿಮಾನ 930 ಕೆಜಿ. ಮೂರು ಜನಕ್ಕೆ 260 ಅಂತ ಹಿಡಿಯೋಣ. ಟ್ಯಾಂಕ್ ಪೂರ್ತಿ ಇದ್ರೂ ಪೆಟ್ರೋಲ್, ಆಯಿಲ್ ಸೇರಿ 115ರ ಸುಮಾರು. ಒಟ್ಟು 1,305. ಮಿತಿ 1,325! ಅಂದ್ರೆ ನಮ್ಮ ಅಂದಾಜಿನಲ್ಲಿ ತೂಕ ಅಂಚಿನಲ್ಲಿತ್ತೇ ಹೊರತು ಮೀರಿರಲಿಲ್ಲ. ದೊಡ್ಡ ವಿಲನ್ ಗಾಳಿ. ಆ ಎತ್ತರದಲ್ಲಿ ಡೆನ್ಸಿಟಿ ಕೆಳಗಿನದ್ದರ ಶೇ. 81 ಮಾತ್ರ. ಅದೇ ಲಿಫ್ಟ್‌ಗೆ ವೇಗದ ವರ್ಗ 1.23 ಪಟ್ಟು ಬೇಕು, ವೇಗ ಶೇ. 11 ಜಾಸ್ತಿ. ಇನ್ನೊಂದು ಕಡೆ ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ ಅದೇ ತೆಳು ಗಾಳಿಯನ್ನು ಉಸಿರಾಡಿ ಪವರ್‌ನಲ್ಲಿ ಸುಮಾರು ಐದನೇ ಒಂದು ಭಾಗ ಕಳ್ಕೊಳ್ಳುತ್ತೆ. ಬೇಕಾದ ವೇಗ ಹೆಚ್ಚು, ತಳ್ಳೋ ಶಕ್ತಿ ಕಡಿಮೆ: 1.23 ಭಾಗಿಸು 0.8, ಓಟದ ದೂರ ಒಂದೂವರೆ ಪಟ್ಟಿಗಿಂತ ಜಾಸ್ತಿ. ಜಾಗ ಮಾತ್ರ ಇದ್ದಷ್ಟೇ, ಅದೂ ಕಲ್ಲುಬಂಡೆ. ಸ್ಕೋರ್ಟ್ಸೆನಿ ಇಳಿದಿದ್ರೆ ನೂರು ಕೆಜಿ ಹತ್ತಿರ ಉಳಿದು ಲೆಕ್ಕ ಎಷ್ಟೋ ಸಲೀಸಾಗ್ತಿತ್ತು. ಗೆರ್ಲಾಖ್ ಬೇಡ ಅಂದಿದ್ದು ಹೆದರಿಕೆಯಿಂದ ಅಲ್ಲ, ಲೆಕ್ಕದಿಂದ.

ಸೈನಿಕರು ವಿಮಾನವನ್ನು ಹಿಂದಿನಿಂದ ಹಿಡಿದುಕೊಂಡ್ರು, ಎಂಜಿನ್ ಪೂರ್ತಿ ಏರಿಸಿದ ಮೇಲೆ ಕೈಬಿಟ್ರು. ಇಳಿಜಾರಲ್ಲಿ ಓಡಿ, ಚಕ್ರ ಕಲ್ಲಿಗೆ ಬಡಿದು, ಅಂಚಿನಿಂದ ಆಚೆ ಕಣಿವೆಗೆ ಜಾರಿತು. ಪೈಲಟ್ ಮೂತಿ ಕೆಳಗೆ ಮಾಡಿ ಬೀಳುತ್ತಲೇ ವೇಗ ಗಳಿಸಿದ. ಎತ್ತರವನ್ನು ವೇಗಕ್ಕೆ ಬದಲಾಯಿಸೋದು, ಪೊಟೆನ್ಶಿಯಲ್ ಎನರ್ಜಿಯಿಂದ ಕೈನೆಟಿಕ್ ಎನರ್ಜಿಗೆ. 60 ಕಿ.ಮೀ. ವೇಗದ ಚೈತನ್ಯ ಬರೀ 14 ಮೀಟರ್ ಬಿದ್ದರೆ ಸಿಗುತ್ತೆ (ಡ್ರ್ಯಾಗ್ ಬಿಟ್ಟು ಹೇಳ್ತಿದ್ದೀವಿ). ಆಮೇಲೆ ಮೂತಿ ಎತ್ತಿ, ಪೆಟ್ಟಾದ ಚಕ್ರದಲ್ಲೇ ರೋಮ್ ಹತ್ತಿರ ಪ್ರಾಟಿಕಾ ಡಿ ಮಾರೆಯಲ್ಲಿ ಇಳಿಸಿದ. ಆ ಪೈಲಟ್‌ನ ಕೈಚಳಕಕ್ಕೆ ಮೆಚ್ಚುಗೆ ಇದೆ, ಹೊತ್ತು ತಂದ ಸರಕಿಗೆ ಇಲ್ಲ. ಬಿಡುಗಡೆಯಾದ ಮುಸೊಲಿನಿ ಉತ್ತರ ಇಟಲಿಯಲ್ಲಿ ಹಿಟ್ಲರನ ಕೈಗೊಂಬೆ ಸರ್ಕಾರ ನಡೆಸಿದ, ಅಲ್ಲಿ ಯುದ್ಧ ಇನ್ನೂ ಒಂದೂವರೆ ವರ್ಷ ಎಳೆಯಿತು.

ಇದನ್ನೂ ಹೇಳಬೇಕು. ಫೀಸಲರ್ ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ ಬೇರೆ ದೇಶಗಳಿಂದ ಬಲವಂತವಾಗಿ ತಂದ ಕಾರ್ಮಿಕರನ್ನು ದುಡಿಸಿಕೊಂಡ್ರು. ಲಂಡನ್ ಮೇಲೆ ಬಿದ್ದ ವಿ-1 ಹಾರುಬಾಂಬ್ ಕೂಡ ಫೀಸಲರ್ ವಿನ್ಯಾಸವೇ, ಅದರ ಪಲ್ಸ್‌ಜೆಟ್ ಎಂಜಿನ್ ಮಾಡಿದ್ದು ಅದೇ ಆರ್ಗುಸ್. ಕೊಕ್ಕರೆಯ ಕಂಪನಿ, ಕೊಕ್ಕರೆಯ ಎಂಜಿನ್. ಟೆಕ್ನಿಕಲ್ ಲೇಖನಗಳಲ್ಲಿ ಇದನ್ನು ಬಿಟ್ಟುಬಿಡೋ ರೂಢಿ ಇದೆ. ನಮಗೆ ಅದು ಸರಿ ಅನ್ನಿಸಲ್ಲ.

ಕಾಸೆಲ್‌ನಲ್ಲಿ ಬೇರೆ ಕೆಲಸ ಜಾಸ್ತಿ ಆದಾಗ ಶ್ಟೋರ್ಖ್ ತಯಾರಿಕೆಯನ್ನು ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಮೊರಾನ್-ಸೊಲ್ನಿಯೆ ಕಾರ್ಖಾನೆಗೂ, ಚೆಕ್ ನಾಡಿನ ಖೊಟ್ಸೆನ್‌ನ ಮ್ರಾಜ್ ಕಾರ್ಖಾನೆಗೂ ಸಾಗಿಸಿದ್ರು. ಒಟ್ಟು ತಯಾರಾಗಿದ್ದು ಸುಮಾರು 2,900. ಇಲ್ಲೇ ನಮಗೊಂದು ತಕರಾರು. ಅಮೆರಿಕನ್ನರು ಈ ಪ್ರಶ್ನೆಗೆ ಹೊಸ ವಿಮಾನವನ್ನಷ್ಟೇ ನೆಚ್ಚಿಕೊಳ್ಳಲಿಲ್ಲ. ಫ್ಲೈಯಿಂಗ್ ಕ್ಲಬ್‌ಗಳಲ್ಲಿದ್ದ ಪೈಪರ್ ಕಬ್ ಅನ್ನೋ ಎರಡು ಸೀಟಿನ ವಿಮಾನಕ್ಕೆ ಹಸಿರು ಬಣ್ಣ ಬಳಿದು, ಕಿಟಕಿ ದೊಡ್ಡದು ಮಾಡಿ ಎಲ್-4 ಅಂತ ಹೆಸರಿಟ್ಟರು. ಎಂಜಿನ್ ಬರೀ 65 ಎಚ್‌ಪಿ, ಸ್ಲ್ಯಾಟ್ ಇಲ್ಲ, ಫ್ಲ್ಯಾಪೂ ಇಲ್ಲ. ತೂಕ ಇಷ್ಟೇ ಇಷ್ಟು, ಹಾಗಾಗಿ ನಿಧಾನ ತಾನಾಗೇ ಬಂತು. ಐದು ಸಾವಿರಕ್ಕೂ ಹೆಚ್ಚು ಮಾಡಿದ್ರು. ಇಳಿಯೋ ಜಾಗದ ಪರೀಕ್ಷೆ ಇಟ್ಟರೆ ಶ್ಟೋರ್ಖ್ ಫಸ್ಟ್ ರ‍್ಯಾಂಕ್, ಅನುಮಾನ ಇಲ್ಲ. ಆದ್ರೆ ಯುದ್ಧದಲ್ಲಿ ಫಿರಂಗಿ ತುಕಡಿಗೊಂದು ವಿಮಾನ ಕೊಡೋಕೆ ಆಗಿದ್ದು ಅಮೆರಿಕನ್ನರಿಗೇ.

ಇವೆರಡೂ ಒಂದು ದಿನ ಮುಖಾಮುಖಿ ಆದವು. 1945ರ ಏಪ್ರಿಲ್ 11ರಂದು ಜರ್ಮನಿಯ ಮೇಲೆ ಒಂದು ಎಲ್-4 ಕೆಳಗೆ ಹೋಗ್ತಿದ್ದ ಶ್ಟೋರ್ಖ್ ಒಂದನ್ನು ಕಂಡಿತು. ಎಲ್-4ರಲ್ಲಿ ಬಂದೂಕೇ ಇಲ್ಲ. ಪೈಲಟ್ ಡುವೇನ್ ಫ್ರಾನ್ಸಿಸ್ ಮತ್ತು ಜೊತೆಗಿದ್ದ ವಿಲಿಯಂ ಮಾರ್ಟಿನ್ ತಮ್ಮ ಸೊಂಟದ ಪಿಸ್ತೂಲು ತೆಗೆದು ಬಾಗಿಲಿನಿಂದ ಹೊಡೆದೇಬಿಟ್ರು. ಶ್ಟೋರ್ಖ್ ನೆಲಕ್ಕೆ ಬಂತು, ಒಳಗಿದ್ದವರು ಶರಣಾದರು. ಎರಡು ವಾರದ ನಂತರ, ಏಪ್ರಿಲ್ 26ರಂದು, ಸುತ್ತುವರಿದ ಬರ್ಲಿನ್‌ಗೆ ಇನ್ನೊಂದು ಶ್ಟೋರ್ಖ್ ಹೋಯ್ತು. ಜನರಲ್ ಗ್ರೈಮ್ ಕಾಲಿಗೆ ಗುಂಡೇಟು ಬಿದ್ದಾಗ ಹಿಂದೆ ಕೂತಿದ್ದ ಟೆಸ್ಟ್ ಪೈಲಟ್ ಹಾನ್ನಾ ರೈಟ್ಷ್ ಅವನ ಭುಜದ ಮೇಲಿಂದ ಕೈ ಚಾಚಿ ಕಂಟ್ರೋಲ್ ಹಿಡಿದು ನಗರದ ನಡುವಿನ ರಸ್ತೆಯಲ್ಲಿ ಇಳಿಸಿದಳು. ಹಿಟ್ಲರನ ಕಟ್ಟಾ ಬೆಂಬಲಿಗಳು, ಆದ್ರೆ ಪೈಲಟ್ ಆಗಿ ಅಸಾಧಾರಣಳು.

ಯುದ್ಧ ಮುಗಿದ ಮೇಲೆ ಫ್ರೆಂಚರು ಅದೇ ಕಾರ್ಖಾನೆಯಲ್ಲಿ ಕ್ರಿಕೆ ಅನ್ನೋ ಹೆಸರಲ್ಲಿ, ಚೆಕ್ಕರು ಚಾಪ್ ಅನ್ನೋ ಹೆಸರಲ್ಲಿ ಇದನ್ನೇ ಮಾಡ್ತಾ ಹೋದ್ರು. ಚಾಪ್ ಅಂದ್ರೂ ಕೊಕ್ಕರೆಯೇ. ನಮ್ಮ ಕಡೆಗೂ ಈ ಜಾತಿಯ ವಿಮಾನದ ಕಥೆ ಇದೆ. ಬರ್ಮಾ ಯುದ್ಧದಲ್ಲಿ ಅಮೆರಿಕದ ಸ್ಟಿನ್ಸನ್ ಎಲ್-5ಗಳು ಕಾಡಿನೊಳಗಿಂದ ಗಾಯಾಳುಗಳನ್ನು ಹೊತ್ತು ತಂದವು. ಆಮೇಲೆ ಬೆಂಗಳೂರಿನ ಎಚ್‌ಎಎಲ್ ಮಾಡಿದ 'ಕೃಷಕ್' ಭಾರತೀಯ ಸೇನೆಗೆ ಫಿರಂಗಿ ಗುರಿ ತೋರಿಸುವ ಕೆಲಸ ಮಾಡಿತು. ಅದರ ಬಗ್ಗೆ ಬೇರೆಯೇ ಲೇಖನ ಬೇಕು, ಎಚ್‌ಎಎಲ್‌ನ ಮ್ಯೂಸಿಯಂ ಇರೋದು ನಮ್ಮೂರಲ್ಲೇ.

ಕೊನೆಗೆ ಒಂದು ಪ್ರಾಬ್ಲಮ್, ಉತ್ತರ ನೀವು ಕಂಡುಹಿಡೀರಿ. 1946ರ ನವೆಂಬರ್‌ನಲ್ಲಿ ಅಮೆರಿಕದ ಒಂದು ಡಕೋಟಾ ಮಾದರಿಯ ವಿಮಾನ ಮಂಜಿನಲ್ಲಿ ದಾರಿ ತಪ್ಪಿ ಸ್ವಿಟ್ಜರ್‌ಲ್ಯಾಂಡ್‌ನ ಗೌಲಿ ಹಿಮನದಿಯ ಮೇಲೆ, ಸುಮಾರು 3,350 ಮೀಟರ್ ಎತ್ತರದಲ್ಲಿ ಬಿತ್ತು. ಒಳಗಿದ್ದ 12 ಜನರೂ ಬದುಕಿದ್ದರು. ನಡೆದುಕೊಂಡು ಹೋದ ರಕ್ಷಣಾ ತಂಡ ಅವರನ್ನು ಮುಟ್ಟಿತು, ಆದ್ರೆ ಗಾಯಾಳುಗಳನ್ನು ಹಿಮದಲ್ಲಿ ಹೊತ್ತು ಇಳಿಸೋದು ದೊಡ್ಡ ಕಷ್ಟ. ನವೆಂಬರ್ 24ರಂದು ಸ್ವಿಸ್ ಸೇನೆಯ ಪೈಲಟ್‌ಗಳಾದ ವಿಕ್ಟರ್ ಹುಗ್ ಮತ್ತು ಪಿಸ್ಟಾ ಹಿಟ್ಸ್ ಎರಡು ಶ್ಟೋರ್ಖ್‌ಗಳಿಗೆ ಸ್ಕೀ ಕಟ್ಟಿಕೊಂಡು ಹಿಮನದಿಯ ಮೇಲೆ ಇಳಿದರು. ಎಂಟು ಸುತ್ತು ಹಾರಿ ಎಲ್ಲರನ್ನೂ ಕೆಳಗೆ ತಂದರು. ಆಲ್ಪ್ಸ್‌ನಲ್ಲಿ ವಿಮಾನದಿಂದ ಜನರನ್ನು ಕಾಪಾಡುವ ಸೇವೆ ಶುರುವಾಗಿದ್ದು ಅಲ್ಲಿಂದಲೇ ಅಂತ ಸ್ವಿಸ್ಸರು ಎಣಿಸುತ್ತಾರೆ.

ಆ ಎತ್ತರದಲ್ಲಿ ಡೆನ್ಸಿಟಿ ಕೆಳಗಿನದ್ದರ ಶೇ. 72 ಅಂತ ಇಟ್ಟುಕೊಳ್ಳಿ. ಚಕ್ರದ ಬದಲು ಸ್ಕೀ, ಅಂದ್ರೆ ಬ್ರೇಕೇ ಇಲ್ಲ. 12 ಜನ, ಎಂಟು ಸುತ್ತು. ಒಂದೊಂದು ಸುತ್ತಿಗೆ ಎಷ್ಟು ಜನರನ್ನು ಕೂರಿಸ್ತಿದ್ರು, ಯಾಕೆ?